ಪಿಎಚ್.ಡಿ. ನಂತರದ ಸಂಶೋಧನಾ ಹುದ್ದೆ: ಹುಡುಕುವ ಬಗೆ, ಅರ್ಜಿಯ ಬಗೆ

ಮಾಂಬಳ್ಳಿಯಲ್ಲಿ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ಪಿಎಚ್.ಡಿ. ಆದ್ಮೇಲೆ ಏನ್ ಓದ್ತಾರೆ?" ಎಂದು ಕೇಳಿದಳು. ಪೋಸ್ಟ್ ಡಾಕ್ಟರೇಟ್ ಎಂಬ ಪದವಿ ಇದೆ ಎಂದುಬಿಟ್ಟೆ. ಉತ್ತರ ತಪ್ಪು. ಅದು ಪದವಿಯಲ್ಲ; ಅದಕ್ಕೆ ಪರೀಕ್ಷೆಯಿಲ್ಲ, ಘಟಿಕೋತ್ಸವವಿಲ್ಲ. ಪಿಎಚ್.ಡಿ. ಮುಗಿಸಿದವರು ವಿಶ್ವವಿದ್ಯಾನಿಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಕೆಲವು ವರ್ಷ ಹಣ ಪಡೆದು ಮಾಡುವ ತಾತ್ಕಾಲಿಕ ಸಂಶೋಧನೆ.

ಇದಕ್ಕೆ ದಾರಿ ಎರಡು. ಪ್ರಾಧ್ಯಾಪಕರೊಬ್ಬರಿಗೆ ಯೋಜನೆಯ ಅನುದಾನ ಬಂದಿರುತ್ತದೆ. ಅವರು ಸಂಸ್ಥೆಯ ಜಾಲತಾಣದಲ್ಲಿ ಪ್ರಕಟಣೆ ಹೊರಡಿಸಿ, ಸಂದರ್ಶನ ಮಾಡಿ ಆರಿಸಿಕೊಳ್ಳುತ್ತಾರೆ. ಅಲ್ಲಿ ಪ್ರಶ್ನೆ ಅವರದು, ಕೆಲಸ ನಮ್ಮದು. ಇನ್ನೊಂದು ಫೆಲೋಶಿಪ್. ಇದರಲ್ಲಿ ಪ್ರಶ್ನೆಯೂ ನಮ್ಮದೇ. ವಿಜ್ಞಾನದವರಿಗೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ (ಹಿಂದಿನ ಎಸ್‌ಇಆರ್‌ಬಿ) ರಾಷ್ಟ್ರೀಯ ಫೆಲೋಶಿಪ್, ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ ಫೆಲೋಶಿಪ್ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಹೆಸರಿನದೂ ಉಂಟು.

ನಮ್ಮವರು ಎಡವುವುದು ಎಲ್ಲಿ ಎಂದರೆ, ಪ್ರಕಟಣೆ ಬಂದ ಮೇಲೆ ಮಾರ್ಗದರ್ಶಕರನ್ನು ಹುಡುಕಲು ಹೊರಡುತ್ತಾರೆ. ಆತಿಥೇಯ ಮಾರ್ಗದರ್ಶಕರ ಒಪ್ಪಿಗೆ, ಸಂಸ್ಥೆಯ ಮೊಹರು ಬಿದ್ದ ಪತ್ರ, ಇವೆರಡಕ್ಕೂ ದಿನ ಹಿಡಿಯುತ್ತದೆ. ಆದ್ದರಿಂದ ತಿಂಗಳುಗಳ ಮೊದಲೇ ಬರೆಯಬೇಕು. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಅವರ ಯಾವ ಲೇಖನ ಓದಿದೆ, ನಾನು ಏನು ಮಾಡಿದ್ದೇನೆ, ಅವರಲ್ಲಿ ಏನು ಮಾಡಬೇಕೆಂದಿದ್ದೇನೆ, ಇಷ್ಟು ಒಂದು ಪುಟದೊಳಗೆ ಸಾಕು. ಎರಡು ವಾರ ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಸ್ತಾವನೆಯಲ್ಲಿ ಹಳೆಯ ಪ್ರಬಂಧದ ಸಾರಾಂಶ ಬರೆದರೆ ನಡೆಯದು. ಅದು ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನ ಪ್ರಶ್ನೆ ಬೇಕು. ನಮ್ಮ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟವನ್ನೇ ತೆಗೆದುಕೊಳ್ಳಿ. ಅಲ್ಲಿನ ಕಾಡಿನಲ್ಲಿ ಲಂಟಾನ ಎಷ್ಟು ಹಬ್ಬಿದೆ ಎಂದು ಒಬ್ಬರು ಪಿಎಚ್.ಡಿ.ಯಲ್ಲಿ ಅಳೆದಿದ್ದಾರೆ ಎನ್ನೋಣ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಆ ಬಳಿಕ ಜೇನು, ನೆಲ್ಲಿಕಾಯಿ ಸಂಗ್ರಹದ ಮೇಲೆ ಲಂಟಾನದ ಪರಿಣಾಮವೇನು? ಇದು ಎರಡು ವರ್ಷದಲ್ಲಿ ಮುಗಿಸಬಹುದಾದ ಪ್ರಶ್ನೆ. ಅಳತೆ ಬಲ್ಲವರಿಗೆ ಇಲ್ಲಿ ಸಮಾಜ ವಿಜ್ಞಾನದ ಮಾರ್ಗದರ್ಶಕರು ಬೇಕು. ಆ ಬೆಟ್ಟದಲ್ಲಿ ಸಂಶೋಧನೆ ನಡೆಸಿರುವ ಬೆಂಗಳೂರಿನ ಏಟ್ರೀ ಸಂಸ್ಥೆಯ ಪ್ರಕಟಣೆಗಳಿಂದ ಹುಡುಕಾಟ ಶುರು ಮಾಡಬಹುದು.

ವಯಸ್ಸಿನ ಮಾತನ್ನು ಮರೆಯಬಾರದು. ಮೇಲೆ ಹೇಳಿದ ವಿಜ್ಞಾನದ ಫೆಲೋಶಿಪ್‌ಗೆ ಮಿತಿ 35 ವರ್ಷ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಂಗವಿಕಲರಿಗೆ 5 ವರ್ಷ ಸಡಿಲಿಕೆ. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಅಧಿಸೂಚನೆ ನೋಡಲೇಬೇಕು. ಖಾಯಂ ಹುದ್ದೆಯ ಕರೆಗೆ ಕಾಯುತ್ತ ಅತಿಥಿ ಉಪನ್ಯಾಸಕರಾಗಿಯೇ ವರ್ಷ ಕಳೆಯುವವರಿಗೆ ಈ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಪ್ರಬಂಧ ಸಲ್ಲಿಸಿ ಪದವಿಗೆ ಕಾಯುತ್ತಿರುವವರೂ ಇದಕ್ಕೆ ಅರ್ಜಿ ಹಾಕಬಹುದು ಎಂಬುದು ಹಲವರಿಗೆ ಗೊತ್ತಿಲ್ಲ.

ಮರುದಿನ ತರಗತಿಯಲ್ಲಿ ನನ್ನ ಉತ್ತರ ತಿದ್ದಿದೆ. "ಹಂಗಾದ್ರೆ ಅದು ಕೆಲಸಾನೇ ಅಲ್ವಾ ಮಿಸ್?" ಎಂದಳು.