ಕೀಲಿಕೈ ಕಳೆದ ತಿಜೋರಿ

ಕಲ್ಯಾಣ, ಡೊಂಬಿವಲಿಗಳ ಹಳೆಯ ಮನೆಯನ್ನು ಬಿಟ್ಟು ನವೀ ಮುಂಬಯಿಯ ಫ್ಲಾಟಿಗೆ ಹೋಗುವ ಸಂದರ್ಭದಲ್ಲಿ, ಹಿರಿಯರ ಕಾಲದ ಕಬ್ಬಿಣದ ತಿಜೋರಿಯೊಂದು ಕೀಲಿಕೈಯಿಲ್ಲದೆ ಮೂಲೆಯಲ್ಲಿ ಉಳಿದಿರುವುದುಂಟು. ಗ್ಯಾಸ್ ಕಟರಿನವನನ್ನು ಕರೆಯಬೇಕೆಂಬ ಆತುರ ಸಹಜವಾದರೂ ಸಲ್ಲದು. ಜ್ವಾಲೆಯ ಕಾವಿಗೆ ಒಳಗಿನ ಕಾಗದಪತ್ರಗಳು ಕರಕಾಗುತ್ತವೆ. ಅಲ್ಲದೆ, ಬೆಂಕಿಯನ್ನು ತಡೆಯಲೆಂದು ಹಳೆಯ ತಿಜೋರಿಗಳ ಗೋಡೆಯೊಳಗೆ ತುಂಬಿದ ಪದಾರ್ಥದಲ್ಲಿ ಕೆಲವೊಮ್ಮೆ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಮೊದಲು ಬಾಗಿಲ ಮೇಲಿನ ಫಲಕವನ್ನು ಓದಬೇಕು. ಇಂಗ್ಲೆಂಡಿನ ಚಬ್, ಮಿಲ್ನರ್ ಹೆಸರುಗಳು ಕಾಣಬಹುದು. ಇಲ್ಲವೇ 1897ರಲ್ಲಿ ಮುಂಬಯಿಯ ಲಾಲ್‌ಬಾಗಿನಲ್ಲಿ ಬೀಗದಿಂದ ಆರಂಭಿಸಿ ಮುಂದೆ ತಿಜೋರಿಗೂ ಕೈಯಿಟ್ಟ ಅರ್ದೇಶಿರ್ ಗೋದ್ರೇಜರ ಹೆಸರು. ಒಳಗಿನ ಲಿವರುಗಳೆಲ್ಲವೂ ತಕ್ಕ ಎತ್ತರಕ್ಕೆ ಏಳದೆ ಇಂಥ ಬೀಗ ಸರಿಯದು. ನುರಿತ ಬೀಗದವನು ತಾಳ್ಮೆಯಿಂದ ಆ ಎತ್ತರಗಳನ್ನು ಅರಿತು ಹೊಸ ಕೀಲಿಯನ್ನೇ ಮಾಡಿಕೊಡಬಲ್ಲನು. ಕೂಲಿ ದುಬಾರಿಯೆನಿಸಿದರೂ ಕೊಡತಕ್ಕದ್ದೇ. ಏಕೆಂದರೆ ಮೂಲ ಬಣ್ಣ, ಫಲಕ, ನಡೆಯುವ ಬೀಗ ಇವುಳ್ಳ ತಿಜೋರಿಗೆ ಸಂಗ್ರಾಹಕರು ಬೆಲೆ ಕೊಡುತ್ತಾರೆ. ಕತ್ತರಿಸಿದ್ದು ಗುಜರಿಯವನ ತಕ್ಕಡಿಗೇ ಸೈ.

ತೆರೆಯುವ ದಿನ ವಾರಸುದಾರರೆಲ್ಲರೂ ಹಾಜರಿರಬೇಕು. ಬ್ಯಾಂಕು ಲಾಕರನ್ನು ಒಡೆಯುವಾಗಲೂ ಸಾಕ್ಷಿಗಳ ಸಮಕ್ಷಮ ಪಟ್ಟಿ ಮಾಡುತ್ತದೆ. ಒಡಹುಟ್ಟಿದವರ ನಡುವೆ ಅದು ಇನ್ನೂ ಅಗತ್ಯ. ಥಾಣೆಯ ಅಕ್ಕನಿಗೆ ತಿಳಿಸದೆ ತೆರೆದು, ಬರಿದೇ ಇತ್ತೆಂದರೆ ನಂಬುವವರಾರು?

ಚಿನ್ನವನ್ನು ಯಾರೂ ಮರೆಯುವುದಿಲ್ಲ. ರದ್ದಿಗೆ ಹೋಗುವುದು ಹಳದಿಗಟ್ಟಿದ ಷೇರುಪತ್ರ. ಸತತ ಏಳು ವರ್ಷ ಲಾಭಾಂಶ ಪಡೆಯದ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ವರ್ಗವಾಗುತ್ತವೆ. ವಾರಸುದಾರರು ದಾಖಲೆಗಳೊಡನೆ ಅರ್ಜಿ ಸಲ್ಲಿಸಿ ಅವನ್ನು ಮರಳಿ ಪಡೆಯಬಹುದು.