ಕತ್ತರಿಸದೆ ಕಾಣುವ ಪದರ

ಕೂಡ್ಲಿಗಿಯಿಂದ ಕೊಟ್ಟೂರು ಹಾದು ಹರಪನಹಳ್ಳಿಗೆ ಹೋಗುವಾಗಲೂ, ಅತ್ತ ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಕಡೆಗೂ ಸೋಲಾರ್ ಫಲಕ ಈಗ ಹೊಸ ನೋಟವಲ್ಲ. ಅವುಗಳಲ್ಲಿ ಕಾಣುವ ಗಾಢ ನೀಲಿ ಸಿಲಿಕಾನ್‌ನ ಬಣ್ಣವಲ್ಲ, ಸಿಲಿಕಾನ್ ಬೂದು. ನೀಲಿ ಬರುವುದು ಮೇಲೆ ಹಚ್ಚಿದ ಸಿಲಿಕಾನ್ ನೈಟ್ರೈಡ್ ಪದರದಿಂದ. ಅದರ ದಪ್ಪ ಸುಮಾರು 75 ನ್ಯಾನೊಮೀಟರ್, ತಲೆಗೂದಲಿನ ಸಾವಿರದಲ್ಲೊಂದು ಪಾಲು.

ಬಿಸಿಲು ಚಿಮ್ಮಿ ಹಿಂದಿರುಗದಂತೆ ತಡೆಯುವುದು ಈ ಪದರದ ಒಂದು ಕೆಲಸ. ಇನ್ನೊಂದು ಕೆಲಸ ನಡೆಯುವುದು ಪದರ ಮತ್ತು ಸಿಲಿಕಾನ್ ಕೂಡುವ ಗಡಿಯಲ್ಲಿ. ಅಲ್ಲಿ ದೋಷಗಳಿದ್ದರೆ ಬೆಳಕು ಹುಟ್ಟಿಸಿದ ವಿದ್ಯುದಾವೇಶ ತಂತಿ ತಲುಪುವ ಮೊದಲೇ ನಷ್ಟವಾಗುತ್ತದೆ. ಅಂದರೆ ಫಲಕದ ಯೋಗ್ಯತೆಯನ್ನು ನಿರ್ಧರಿಸುವುದರಲ್ಲಿ ಕಣ್ಣಿಗೆ ಬೀಳದ, ಹೂತುಹೋದ ಈ ಗಡಿಗೂ ದೊಡ್ಡ ಪಾಲಿದೆ. ಉಜ್ಜಿನಿಯ ಜಾತ್ರೆಯಲ್ಲಿ ದೇವಸ್ಥಾನದ ಶಿಖರಕ್ಕೆ ಎಣ್ಣೆ ಎರೆಯುವುದನ್ನು ನೋಡಿದವರಿಗೆ ಈ ತೊಡಕು ಬೇಗ ಅರ್ಥವಾದೀತು: ಎಣ್ಣೆಯ ಮಿನುಗು ಕಾಣುತ್ತದೆ, ಅದು ಕಲ್ಲಿನೊಳಗೆ ಎಷ್ಟು ಇಳಿಯಿತೆಂಬುದು ಕಾಣುವುದಿಲ್ಲ.

ಫಲಕವನ್ನು ಕತ್ತರಿಸಿ ಈ ಗಡಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಆದರೆ ಕತ್ತರಿಸಿದ್ದನ್ನು ಮತ್ತೆ ಕಾಯಿಸಿ, ತಣಿಸಿ ಪರೀಕ್ಷಿಸುವುದು ಹೇಗೆ? ಕತ್ತರಿಸದೆಯೇ ನೋಡುವ ಎಕ್ಸ್-ರೇ ಮಾರ್ಗ ಇಲ್ಲೇ ಗೆಲ್ಲುತ್ತದೆ. ಫಲಕದೊಳಗಿನ ಸಿಲಿಕಾನ್‌ನ ಮೇಲ್ಮೈಯನ್ನು ಬೇಕೆಂದೇ ಒರಟು ಮಾಡಿರುತ್ತಾರೆ, ಒರಟಿನ ಮೇಲೆ ಈ ಅಳತೆ ಸರಿಬಾರದು. ಹಾಗಾಗಿ ಪ್ರಯೋಗಾಲಯದಲ್ಲಿ ನುಣುಪಾದ ಸಿಲಿಕಾನ್ ಬಿಲ್ಲೆಗೆ ಅದೇ ಪದರ ಹಚ್ಚಿ, ಒಂದು ಡಿಗ್ರಿಗಿಂತಲೂ ಕಡಿಮೆ ಕೋನದಲ್ಲಿ ಕಿರಣವನ್ನು ಸವರಿಕೊಂಡು ಹೋಗುವಂತೆ ಬಿಡುತ್ತಾರೆ. ತಾಮ್ರದ ಗುರಿಯಿಂದ ಹೊರಡುವ 0.154 ನ್ಯಾನೊಮೀಟರ್ ಅಲೆಯುದ್ದದ ಕಿರಣ, ಬರಿಯ ಸಿಲಿಕಾನ್ ಮೇಲೆ ಸುಮಾರು 0.22 ಡಿಗ್ರಿಯವರೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಪ್ರತಿಫಲಿಸುತ್ತದೆ. ಕೋನವನ್ನು ಇನ್ನಷ್ಟು ಏರಿಸಿದರೆ ಕಿರಣ ಒಳಹೊಗುತ್ತದೆ. ಆಗ ಮೇಲ್ಮೈಯಿಂದ ಮರಳಿದ ಅಲೆ, ಹೂತ ಗಡಿಯಿಂದ ಮರಳಿದ ಅಲೆ ಒಮ್ಮೆ ಕೂಡಿಕೊಳ್ಳುತ್ತವೆ, ಒಮ್ಮೆ ಒಂದನ್ನೊಂದು ಅಳಿಸುತ್ತವೆ. ಕೋನಕ್ಕೆ ಎದುರಾಗಿ ಪ್ರತಿಫಲನವನ್ನು ಗುರುತಿಸಿದ ನಕ್ಷೆಯಲ್ಲಿ ಸಾಲು ಏರಿಳಿತ ಮೂಡುತ್ತದೆ. 75 ನ್ಯಾನೊಮೀಟರ್ ಪದರವಾದರೆ ಏರಿಳಿತಗಳ ನಡುವಣ ಅಂತರ ಸುಮಾರು 0.06 ಡಿಗ್ರಿ. ಅಂತರ ದಪ್ಪವನ್ನು ಹೇಳುತ್ತದೆ. ಏರಿಳಿತ ಬೇಗ ಮಸುಕಾದರೆ ಗಡಿ ಒರಟಾಗಿದೆ ಎಂದರ್ಥ. ಜರ್ಮನಿಯ ವಿಜ್ಞಾನಿ ಕೀಸಿಗ್ 1931ರಲ್ಲಿ ನಿಕ್ಕಲ್ ಪದರಗಳಲ್ಲಿ ಕಂಡದ್ದು ಇಂಥ ಏರಿಳಿತಗಳನ್ನೇ.

ಸಾಮಾನ್ಯ ಯಂತ್ರದ ಕಿರಣ ಸಾಲದಾದಾಗ, ಎಲೆಕ್ಟ್ರಾನ್‌ಗಳನ್ನು ಉಂಗುರದಲ್ಲಿ ಸುತ್ತಿಸಿ ಪ್ರಖರ ಎಕ್ಸ್-ರೇ ಹೊಮ್ಮಿಸುವ ಸಿಂಕ್ರೊಟ್ರಾನ್ ಬೇಕು. ನಮ್ಮಲ್ಲಿ ಇಂದೋರ್‌ನ ಇಂಡಸ್-2 ಇದೆ. ಉಂಗುರದ ಸುತ್ತಳತೆ 172.5 ಮೀಟರ್. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಪೆಟ್ರಾ-3ರ ಸುತ್ತಳತೆ 2.3 ಕಿಲೋಮೀಟರ್. ಅಲ್ಲಿ ಭಾರತೀಯರ ಪ್ರಯೋಗಗಳಿಗೆ ಏರ್ಪಾಡು ಮಾಡುವುದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಈ ಏರ್ಪಾಡಿನ ಸುದ್ದಿ ನಮ್ಮ ಭಾಗದ ಎಷ್ಟು ಬಿಎಸ್ಸಿ ವಿದ್ಯಾರ್ಥಿಗಳ ಕಿವಿಗೆ ಬಿದ್ದಿದೆ?

ಇಂಥ ಕೇಂದ್ರಗಳಲ್ಲಿ ಸಮಯ ಸಿಗುವುದು ಒಳ್ಳೆಯ ಪ್ರಸ್ತಾವಕ್ಕೆ. ಮೊದಲಲ್ಲಿ ಹೆಸರಿಸಿದ ಐದು ತಾಲ್ಲೂಕುಗಳ ಭೌತಶಾಸ್ತ್ರ ಅಧ್ಯಾಪಕರು ಪಠ್ಯದ ಬ್ರ್ಯಾಗ್ ನಿಯಮಕ್ಕೆ ನಿಲ್ಲದೆ ಈ ಸವರುಗಿರಣದ ಪಾಠವನ್ನೂ ಒಂದು ತರಗತಿಯಲ್ಲಿ ಹೇಳಲಿ, ಎಂಎಸ್ಸಿಗೆ ಬಳ್ಳಾರಿಗೆ ಹೊರಟವರಿಗೆ ಇಂದೋರ್‌ನ ದಾರಿಯನ್ನೂ ತೋರಿಸಲಿ.