ಬಾಡಿಗೆ ಗೋದಾಮು: ಏನಿಡಬೇಕು, ಏನಿಡಬಾರದು?

ಕೊಡ್ಲಿ: ತೊಗರಿಯ ರಾಶಿ ನಡೆಯುವುದು ಡಿಸೆಂಬರ್ ಮತ್ತು ಜನವರಿಯಲ್ಲಿ. ಸಾಲದ ವಾಯಿದೆ, ಕೂಲಿ ಬಾಕಿ, ಮನೆಯ ಮದುವೆ ಖರ್ಚು ಎದುರಾಗುವುದೂ ಅದೇ ಹೊತ್ತಿನಲ್ಲಿ. ಹೀಗಾಗಿ ಕೊಡ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಬೆಳೆಯ ದೊಡ್ಡ ಪಾಲು ಕೆಲವೇ ವಾರಗಳಲ್ಲಿ ಒಟ್ಟಿಗೆ ಮಾರುಕಟ್ಟೆಗೆ ಬಂದು ಬೀಳುತ್ತದೆ. ಆವಕ ಏರಿದಂತೆ ಧಾರಣೆ ಇಳಿಯುತ್ತದೆ. ಅದೇ ಚೀಲವನ್ನು ನಾಲ್ಕಾರು ತಿಂಗಳು ಕಾಯ್ದಿಟ್ಟರೆ ಲಾಭವಾದೀತೇ ಎಂಬ ಪ್ರಶ್ನೆ ಪ್ರತಿ ಹಂಗಾಮಿನಲ್ಲೂ ರೈತರ ಮುಂದಿರುತ್ತದೆ.

ಬೆಂಗಳೂರಿನಂತಹ ನಗರಗಳಲ್ಲಿ ಮನೆ ಬದಲಿಸುವವರು ಪೀಠೋಪಕರಣ ಇಡಲು ತಿಂಗಳ ಬಾಡಿಗೆಗೆ ಕೋಣೆ ಹಿಡಿಯುವುದು ಇತ್ತೀಚಿನ ರೂಢಿ. ಕೃಷಿ ವಲಯಕ್ಕೆ ಬಾಡಿಗೆ ದಾಸ್ತಾನು ಹೊಸತಲ್ಲ. ಕೇಂದ್ರ ಉಗ್ರಾಣ ನಿಗಮ ಮತ್ತು ಈಗಿನ ಕರ್ನಾಟಕ ರಾಜ್ಯ ಉಗ್ರಾಣ ನಿಗಮ ಎರಡೂ 1957ರಲ್ಲೇ ಸ್ಥಾಪನೆಯಾದವು. ಅದಕ್ಕೂ ಮುಂಚೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳಕ್ಕೆ ಹಗೇವು, ಬೇಳೆಕಾಳಿಗೆ ಬೂದಿ ಮತ್ತು ಬೇವಿನ ಸೊಪ್ಪು ಆಸರೆಯಾಗಿದ್ದವು.

ಇಡಬಹುದಾದ ಮಾಲು

ಗೋದಾಮಿಗೆ ಹೋಗಬೇಕಾದುದು ಚೆನ್ನಾಗಿ ಒಣಗಿದ, ತೂರಿ ಸ್ವಚ್ಛಗೊಳಿಸಿದ ತೊಗರಿ, ಕಡಲೆ, ಹೆಸರು, ಉದ್ದಿನಂತಹ ಕಾಳುಗಳು. ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಗೆ ಶೇ 12ರಷ್ಟು ತೇವಾಂಶದ ಮಿತಿ ಇದೆ. ದೀರ್ಘಕಾಲ ಇಡುವುದಾದರೆ ಅದಕ್ಕಿಂತಲೂ ಕಡಿಮೆ ಇರುವುದು ಒಳ್ಳೆಯದು. ಹಲ್ಲಿನಿಂದ ಕಚ್ಚಿದಾಗ ಕಾಳು ಟಕ್ಕೆಂದು ಒಡೆಯಬೇಕು ಎಂಬ ಹಿರಿಯರ ಪರೀಕ್ಷೆ ಅಂದಾಜಿಗೆ ಸಾಕು, ಗೋದಾಮಿನಲ್ಲಿ ಮಾತ್ರ ತೇವಾಂಶ ಮಾಪಕದ ಅಂಕಿಯೇ ಪ್ರಮಾಣ.

ಹಸಿ ಉಳಿದ ಕಾಳು ಚೀಲದೊಳಗೆ ಬಿಸಿಯೇರುತ್ತದೆ, ಬೂಷ್ಟು ಹಿಡಿಯುತ್ತದೆ, ಪಕ್ಕದ ಚೀಲಗಳನ್ನೂ ಕೆಡಿಸುತ್ತದೆ. ಕಳೆದ ವರ್ಷದ ಮಾಲನ್ನು ಹೊಸ ಮಾಲಿನೊಡನೆ ಬೆರೆಸುವುದು ಇನ್ನೊಂದು ಸಾಮಾನ್ಯ ತಪ್ಪು. ಬೇಳೆಕಾಳಿನ ಹುಳು ಹಳೆಯ ಕಾಳಿನಿಂದ ಹೊಸದಕ್ಕೆ ದಾಟುತ್ತದೆ. ಹೊಲದಲ್ಲಿ ಕಾಯಿಯ ಮೇಲೆಯೇ ಮೊಟ್ಟೆಯಿಡುವ ಈ ಕೀಟ ರಾಶಿಯೊಡನೆ ಚೀಲ ಸೇರುತ್ತದೆ. ಮರಿ ಕಾಳಿನೊಳಗೆ ಕೊರೆದು ಬೆಳೆಯುವುದರಿಂದ ಮೊದಲ ಕೆಲವು ವಾರ ಹೊರನೋಟಕ್ಕೆ ಏನೂ ತಿಳಿಯದು. ದುಂಡನೆಯ ತೂತು ಕಣ್ಣಿಗೆ ಬೀಳುವ ಹೊತ್ತಿಗೆ ಒಂದು ತಲೆಮಾರಿನ ಹುಳು ಹೊರಬಿದ್ದಾಗಿರುತ್ತದೆ. ಬೇಳೆ ಮಾಡಿಟ್ಟರೆ ಈ ಕಾಟ ಕಡಿಮೆ. ಆದ್ದರಿಂದಲೇ ಮನೆ ಖರ್ಚಿನ ತೊಗರಿಯನ್ನು ಬೇಗನೆ ಒಡೆಸಿಡುವ ಪದ್ಧತಿ ಉಳಿದುಬಂದಿದೆ.

ಇಡಬಾರದ ಮಾಲು

ಔಷಧ ಸವರಿದ ಬಿತ್ತನೆ ಬೀಜವನ್ನು ತಿನ್ನುವ ಧಾನ್ಯದ ಪಕ್ಕದಲ್ಲಿ ಇಡಲೇಬಾರದು. ಗೊಬ್ಬರ, ಕೀಟನಾಶಕ, ಸೀಮೆಎಣ್ಣೆ, ಡೀಸೆಲ್ ಡಬ್ಬಗಳಿಗೂ ಇದೇ ನಿಯಮ. ಸಿಮೆಂಟ್ ಅಥವಾ ಗೊಬ್ಬರ ತುಂಬಿದ್ದ ಖಾಲಿ ಚೀಲಗಳನ್ನು ಕಾಳಿಗೆ ಬಳಸಬಾರದು. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಶಹಾಬಾದ್, ಸೇಡಂ ಸೀಮೆಯಲ್ಲಿ ಈ ಎಚ್ಚರ ಹೆಚ್ಚು ಅಗತ್ಯ. ಹಸಿಮೆಣಸಿನಕಾಯಿ, ತರಕಾರಿಗಳಿಗೆ ಸಾಮಾನ್ಯ ಗೋದಾಮು ಸಲ್ಲದು. ಅವುಗಳಿಗೆ ಶೀತಲಗೃಹ ಬೇಕು.

ಕಟ್ಟಡವನ್ನೂ ನೋಡಿ ಬಾಡಿಗೆ ಮಾತನಾಡಬೇಕು. ಈ ಭಾಗದಲ್ಲಿ ನೆಲಕ್ಕೆ ಹಾಸುವುದು ಶಹಾಬಾದ್ ಪರ್ಸಿ. ಕಲ್ಲು ಗಟ್ಟಿಯಾದರೂ ಸಂದುಗಳಿಂದ ಮಳೆಗಾಲದಲ್ಲಿ ತೇವ ಏಳುತ್ತದೆ. ಚೀಲಗಳನ್ನು ನೇರವಾಗಿ ನೆಲಕ್ಕೆ ಹಾಕದೆ ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರದಲ್ಲಿ ಅಟ್ಟಿ ಹಾಕಿಸಬೇಕು. ಸುತ್ತಲೂ ಒಬ್ಬ ವ್ಯಕ್ತಿ ನಡೆದು ತಪಾಸಣೆ ಮಾಡುವಷ್ಟು ಜಾಗ ಇರಬೇಕು. ಹುಳುವಿಗೆ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಹೊರಡುವ ಅನಿಲ ಮನುಷ್ಯರ ಪ್ರಾಣಕ್ಕೂ ಅಪಾಯಕಾರಿ. ತರಬೇತಿ ಪಡೆದವರೇ ಅದನ್ನು ಬಳಸಬೇಕು. ಜನ ಮಲಗುವ ಮನೆಯಲ್ಲಿ ಅದರ ಪ್ರಯೋಗ ಸಲ್ಲದು.

ರಸೀದಿಯೇ ಆಸ್ತಿ

ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ 2007ರಲ್ಲಿ ಬಂತು. ಅದರಡಿ 2010ರಲ್ಲಿ ಪ್ರಾಧಿಕಾರ ರಚನೆಯಾಯಿತು. ಪ್ರಾಧಿಕಾರದಲ್ಲಿ ನೋಂದಾಯಿತವಾದ ಗೋದಾಮು ಮಾಲಿನ ತೂಕ ಮತ್ತು ಗುಣಮಟ್ಟ ನಮೂದಿಸಿ ವರ್ಗಾಯಿಸಬಹುದಾದ ರಸೀದಿ ನೀಡುತ್ತದೆ. 2017ರಲ್ಲಿ ಇದರ ವಿದ್ಯುನ್ಮಾನ ರೂಪ ಜಾರಿಗೆ ಬಂತು. ಈ ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದು. ಚೀಲ ಕದಲಿಸದೆಯೇ ಮಾಲನ್ನು ಬೇರೊಬ್ಬರಿಗೆ ಮಾರಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಹೊಂದಿರುವ ಸಣ್ಣ, ಅತಿಸಣ್ಣ ರೈತರಿಗೆ ಇಂತಹ ಸಾಲದ ಮೇಲೆ ಕೊಯ್ಲಿನ ನಂತರ 6 ತಿಂಗಳವರೆಗೆ ಬಡ್ಡಿ ರಿಯಾಯಿತಿಯ ಅವಕಾಶವೂ ಇದೆ. ಸಾಲ ನೀಡುವ ಬ್ಯಾಂಕುಗಳಿಗೆ ಖಾತರಿ ಒದಗಿಸಲು ಕೇಂದ್ರವು 2024ರ ಡಿಸೆಂಬರ್‌ನಲ್ಲಿ 1,000 ಕೋಟಿ ರೂ. ನಿಧಿಯ ಯೋಜನೆ ಆರಂಭಿಸಿತು.

ನೋಂದಣಿಯಿಲ್ಲದ ಖಾಸಗಿ ಗೋದಾಮಿನ ಬಿಳಿ ಚೀಟಿಗೆ ಈ ಬಲವಿಲ್ಲ. ಮಾಲು ಇಡುವ ಮುನ್ನ ನೋಂದಣಿ, ವಿಮೆ, ತೂಕದ ಯಂತ್ರ, ಬಾಡಿಗೆ ಮತ್ತು ಹಮಾಲಿ ದರ ಇಷ್ಟನ್ನು ವಿಚಾರಿಸಲೇಬೇಕು. ರಸೀದಿಗೆ ಅವಧಿ ಇರುತ್ತದೆ. ಅವಧಿ ಮೀರಿದರೆ ಮಾಲು ಹರಾಜಿಗೆ ಬರುವ ಸಂಭವವಿದೆ ಎಂಬುದನ್ನೂ ಮರೆಯುವಂತಿಲ್ಲ.

ಕಾಯುವುದಕ್ಕೂ ಬೆಲೆಯಿದೆ

ಒಂದು ಲೆಕ್ಕ ನೋಡಬಹುದು. 20 ಕ್ವಿಂಟಲ್ ತೊಗರಿ, ಕ್ವಿಂಟಲ್‌ಗೆ 7,500 ರೂ. ಧಾರಣೆ ಎಂದುಕೊಂಡರೆ ಮಾಲಿನ ಬೆಲೆ 1.50 ಲಕ್ಷ ರೂ. ಅದರ ಶೇ 70ರಷ್ಟು, ಅಂದರೆ 1.05 ಲಕ್ಷ ರೂ. ಸಾಲಕ್ಕೆ ಶೇ 9ರ ಬಡ್ಡಿಯಾದರೆ 6 ತಿಂಗಳಿಗೆ 4,725 ರೂ. ಆಗುತ್ತದೆ. 50 ಕಿಲೋದ 40 ಚೀಲಕ್ಕೆ ತಿಂಗಳಿಗೆ ತಲಾ 8 ರೂ. ಬಾಡಿಗೆ ಹಿಡಿದರೆ 1,920 ರೂ. ಒಣಗಿ ಶೇ 1ರಷ್ಟು ತೂಕ ಇಳಿದರೆ 1,500 ರೂ. ಒಟ್ಟು 8,145 ರೂ. ಅಂದರೆ ಕ್ವಿಂಟಲ್‌ಗೆ ಸುಮಾರು 407 ರೂ. ಧಾರಣೆ 7,907 ರೂ. ದಾಟಿದ ಮೇಲಷ್ಟೇ ಕಾದದ್ದಕ್ಕೆ ಫಲ. ದರಗಳು ಊರಿಂದೂರಿಗೆ ಬದಲಾಗುತ್ತವೆ, ಆದರೆ ಲೆಕ್ಕದ ಕ್ರಮ ಇದೇ. ಖಾಸಗಿಯವರಿಂದ ಹೆಚ್ಚಿನ ಬಡ್ಡಿಗೆ ತಂದ ಸಾಲವನ್ನು ಈ ಹಣದಿಂದ ತೀರಿಸಿದರೆ ಅಲ್ಲಿ ಉಳಿಯುವ ಬಡ್ಡಿಯನ್ನೂ ಲಾಭಕ್ಕೆ ಸೇರಿಸಬೇಕು.

ಧಾರಣೆ ಏರಿಯೇ ಏರುತ್ತದೆ ಎಂಬ ಭರವಸೆಯಂತೂ ಇಲ್ಲ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂ. ಮುಟ್ಟಿ ಗ್ರಾಹಕರನ್ನು ಕಂಗೆಡಿಸಿತ್ತು. ಮರು ವರ್ಷ ಬಿತ್ತನೆ ಹೆಚ್ಚಿ ಬಂಪರ್ ಬೆಳೆ ಬಂದಾಗ, 2017ರಲ್ಲಿ ಮಾರುಕಟ್ಟೆ ದರ 5,050 ರೂ. ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಮುಂದಿನ ಹಂಗಾಮಿನಲ್ಲೂ ಚೇತರಿಕೆ ಕಾಣಲಿಲ್ಲ. ಆಗ ಗೋದಾಮಿನಲ್ಲಿ ಕಾದವರಿಗೆ ಬಾಡಿಗೆಯೂ ಹೊರೆಯಾಗುವಂತಿತ್ತು. ದರ ವಿಪರೀತ ಏರಿದಾಗ ಸರ್ಕಾರವೂ ಮಧ್ಯಪ್ರವೇಶಿಸುತ್ತದೆ. 2024ರ ಜೂನ್‌ನಲ್ಲಿ ತೊಗರಿ ಮತ್ತು ಕಡಲೆಗೆ ದಾಸ್ತಾನು ಮಿತಿ ಹೇರಿ, ಸಗಟು ವ್ಯಾಪಾರಿಗೆ 200 ಟನ್ ಎಂದು ನಿಗದಿಪಡಿಸಲಾಗಿತ್ತು.

2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಗೆ ಹೆಸರಿಗೆ ಕೊರತೆಯಿಲ್ಲ. ಆ ಹೆಸರಿನ ಲಾಭ ಬೆಳೆದವನ ಕೈಗೆ ಸಿಗಬೇಕಾದರೆ ಮಾರುವ ದಿನವನ್ನು ಆತನೇ ಆರಿಸುವಂತಾಗಬೇಕು. ಇಡೀ ಬೆಳೆಯನ್ನು ಕೂಡಿಡುವುದು ಜೂಜು, ಇಡೀ ಬೆಳೆಯನ್ನು ಕಣದಿಂದಲೇ ಮಾರುವುದು ಅಸಹಾಯಕತೆ. ತುರ್ತು ಖರ್ಚಿಗೆ ಬೇಕಾದಷ್ಟನ್ನು ಮಾರಿ, ಒಣಗಿದ ಉತ್ತಮ ಕಾಳನ್ನು ಮಾತ್ರ ನೋಂದಾಯಿತ ಗೋದಾಮಿನಲ್ಲಿಟ್ಟು, ಪ್ರತಿ ತಿಂಗಳು ಲೆಕ್ಕ ನೋಡುವುದು ಇವೆರಡರ ನಡುವಿನ ಸುರಕ್ಷಿತ ದಾರಿ.